ತಂದೆಯವರ ನೆನಪಿನ ಪುಸ್ತಿಕೆ: ಗ್ರಾಮಲೆಕ್ಕಿಗರೊಬ್ಬರ ಬದುಕನ್ನು ಬರೆಯುವುದು ಹೇಗೆ?

ಪ್ರಶ್ನೆ: ಚಿಕ್ಕಮಗಳೂರಿನ ಹಿರಿಮಗಳು

ಎಲ್ಲರಿಗೂ ನಮಸ್ಕಾರ.

ನಮ್ಮ ತಂದೆಯವರು ಕಳೆದ ವರ್ಷ ತಮ್ಮ 82ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬರುವ ತಿಂಗಳು ಅವರ ವರ್ಷಾಬ್ದಿಕ. ಆ ದಿನ ಬರುವ ನೆಂಟರಿಗೂ, ಅವರೊಡನೆ ಕೆಲಸ ಮಾಡಿ ಇನ್ನೂ ನಮ್ಮ ನಡುವೆ ಇರುವ ನಾಲ್ಕಾರು ಹಿರಿಯರಿಗೂ ಕೊಡಲೆಂದು ಮೂವತ್ತು ನಲವತ್ತು ಪುಟಗಳ ಒಂದು ಪುಸ್ತಿಕೆಯನ್ನು ಅಚ್ಚು ಹಾಕಿಸಲು ನಾವು ಮೂವರು ಮಕ್ಕಳು ನಿಶ್ಚಯಿಸಿದ್ದೇವೆ. ಬರೆಯುವ ಹೊಣೆ ಹಿರಿಯಳಾದ ನನ್ನ ಪಾಲಿಗೆ ಬಂದಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಹೇಳಿದವಳಾದರೂ ಈ ಬರವಣಿಗೆ ನನ್ನ ಕೈಗೆ ಹತ್ತುತ್ತಿಲ್ಲ.

ತಂದೆಯವರು ಕಡೂರು ತಾಲ್ಲೂಕಿನ ಬಯಲುಸೀಮೆಯ ಕಡೆಯವರು. ನಾವು ಅವರನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದೆವು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ 1964ರಲ್ಲಿ ಊರಿನ ಜಮೀನು, ಕಂದಾಯದ ಲೆಕ್ಕ ಬರೆಯುವ ಗ್ರಾಮಲೆಕ್ಕಿಗರಾಗಿ ಸೇರಿ, ರಾಗಿ ಹೊಲ, ತೆಂಗಿನ ತೋಟಗಳನ್ನು ಮಾತ್ರ ಕಂಡಿದ್ದ ಹುಡುಗ ಕೊಡೆ ಹಿಡಿದು ಕೊಪ್ಪದ ಮಳೆಯೊಳಗೆ ಹೋದರು. ಅಲ್ಲಿಯ ಹೋಬಳಿಗಳಲ್ಲೇ ಬಹುಕಾಲ ಇದ್ದು, ಮುಂದೆ ಕಂದಾಯ ನಿರೀಕ್ಷಕರಾಗಿ, ಕೊನೆಗೆ ಶಿರಸ್ತೇದಾರರಾಗಿ 2000ದಲ್ಲಿ ನಿವೃತ್ತರಾದರು. ನಮ್ಮ ಓದಿಗಾಗಿ ಅಮ್ಮನನ್ನೂ ನಮ್ಮನ್ನೂ ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಮಾಡಿ ಇರಿಸಿದ್ದರು. ತಾವು ಶನಿವಾರ ಸಂಜೆ ಬಾಳೆಹೊನ್ನೂರು, ಆಲ್ದೂರಿನ ಮೇಲೆ ಬರುವ ಬಸ್ಸಿನಲ್ಲಿ ಬಂದು ಸೋಮವಾರ ನಸುಕಿನಲ್ಲಿ ಹೊರಟುಬಿಡುತ್ತಿದ್ದರು.

ನನ್ನ ತೊಡಕು ಇದು. ಮೊದಲ ಕರಡನ್ನು ಬರೆದು ಮುಗಿಸಿ ಓದಿಕೊಂಡಾಗ, ‘ಪ್ರಾಮಾಣಿಕರು, ಸರಳರು, ನಿಷ್ಠಾವಂತರು, ಆದರ್ಶ ಗೃಹಸ್ಥರು’ ಎಂಬ ಮಾತುಗಳೇ ಪುಟ ತುಂಬಿದ್ದವು. ಹೆಸರೊಂದನ್ನು ಬದಲಿಸಿದರೆ ಅದೇ ಬರಹವನ್ನು ಊರಿನ ಯಾವ ಹಿರಿಯರ ಶ್ರದ್ಧಾಂಜಲಿಗೂ ಬಳಸಬಹುದಿತ್ತು. ಅವೆಲ್ಲ ಸುಳ್ಳೇನೂ ಅಲ್ಲ, ಆದರೆ ಅಣ್ಣ ಅದರೊಳಗೆ ಎಲ್ಲಿಯೂ ಕಾಣುತ್ತಿಲ್ಲ.

ಕಾಣುವುದು ಬೇರೆ ಕಡೆ. ಅವರು ಹೋದ ಮೇಲೆ ಕಡೂರಿನ ಊರಿನಲ್ಲಿರುವ ಎರಡು ಎಕರೆ ಹದಿನಾಲ್ಕು ಗುಂಟೆ ಹೊಲವನ್ನು ಪೌತಿ ಖಾತೆ ಮಾಡಿಸಬೇಕಾಗಿ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸಬೇಕಾಗಿ ಬಂತು. ಏನೇನು ಕಾಗದ ಬೇಕೆಂದು ನಾಡಕಚೇರಿಯಲ್ಲಿ ಕೇಳಿಕೊಂಡು ಬಂದು ಅವರ ಟ್ರಂಕನ್ನು ತೆರೆದರೆ, ಮೇಲೆಯೇ ಒಂದು ಫೈಲು ಇತ್ತು. ಅದರಲ್ಲಿ ಪಹಣಿ (ಜಮೀನಿನ ಒಡೆತನ, ಸಾಗುವಳಿಯ ದಾಖಲೆ), ವಂಶವೃಕ್ಷದ ಕರಡು, ನಮ್ಮ ಮೂವರ ಹೆಸರು ವಿಳಾಸಗಳು, ಅಮ್ಮನ ಹೆಸರಿಗೆ ಖಾತೆ ಮಾಡಲು ಮಕ್ಕಳದ್ದೇನೂ ತಕರಾರಿಲ್ಲ ಎಂಬ ಒಪ್ಪಿಗೆ ಪತ್ರದ ಒಕ್ಕಣೆ, ಕೊನೆಗೆ ತಹಶೀಲ್ದಾರರಿಗೆ ಬರೆದ ಅರ್ಜಿ, ಎಲ್ಲವೂ ಅವರದೇ ಗುಂಡು ಅಕ್ಷರದಲ್ಲಿ ಸಿದ್ಧವಾಗಿದ್ದವು. ಅರ್ಜಿಯಲ್ಲಿ ‘ಖಾತೆದಾರರು ದಿನಾಂಕ’ ಎಂದು ಬರೆದು, ಒಂದಿಷ್ಟು ಜಾಗ ಖಾಲಿ ಬಿಟ್ಟು, ‘ರಂದು ಮೃತರಾಗಿರುತ್ತಾರೆ’ ಎಂದು ಮುಂದುವರಿಸಿದ್ದರು. ಆ ಖಾಲಿ ಜಾಗವನ್ನು ತುಂಬಲು ನನ್ನ ಕೈ ಬರಲಿಲ್ಲ, ತಮ್ಮ ತುಂಬಿದ.

ಇನ್ನೊಂದು ಮಾತನ್ನು ಬರೆಯಬೇಕೋ ಬೇಡವೋ ತಿಳಿಯದೆ ಕುಳಿತಿದ್ದೇನೆ. ಅವರನ್ನು ಸಂಸಾರವಂದಿಗರೆಂದು ಎಲ್ಲರೂ ಹೊಗಳುತ್ತಾರೆ, ನಾವೂ ಹಾಗೆಯೇ ನಂಬಿದ್ದೇವೆ. ಆದರೆ ಲೆಕ್ಕ ಹಾಕಿದರೆ ನನ್ನ ಬಾಲ್ಯದಲ್ಲಿ ವಾರಕ್ಕೆ ಒಂದೂವರೆ ದಿನ ಮಾತ್ರ ಅವರು ಮನೆಯಲ್ಲಿದ್ದರು. ಜಮಾಬಂದಿ (ವರ್ಷದ ಕಂದಾಯ ಲೆಕ್ಕದ ತಪಾಸಣೆ), ಚುನಾವಣೆ, ಜನಗಣತಿ ಬಂದರೆ ಅದೂ ಇಲ್ಲ. ಕಚೇರಿಯ ವಿಷಯವನ್ನು ಮನೆಯಲ್ಲಿ ಆಡಿದವರೇ ಅಲ್ಲ. ಹೀಗಿರುವಾಗ ಅವರ ಕೆಲಸದ ಬಗ್ಗೆ ಏನನ್ನು ಬರೆಯಲಿ, ಎಲ್ಲಿಂದ ತಿಳಿದುಕೊಳ್ಳಲಿ? ಮನೆಯ ಅಣ್ಣನನ್ನೂ ಕಚೇರಿಯ ನೌಕರರನ್ನೂ ಒಂದೇ ಪುಸ್ತಿಕೆಯಲ್ಲಿ ಹೇಗೆ ಕೂಡಿಸಲಿ? ಇಂಥ ಪುಸ್ತಿಕೆಗಳನ್ನು ಬರೆದವರು, ಆ ಇಲಾಖೆಯಲ್ಲಿ ದುಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಕಂದಾಯ ನೌಕರ, ತರೀಕೆರೆ

ಅಮ್ಮಾ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾನೂ ಗ್ರಾಮಲೆಕ್ಕಿಗನಾಗಿಯೇ ಸೇರಿದವನು, ನಿಮ್ಮ ತಂದೆಯವರಿಗಿಂತ ಹತ್ತು ವರ್ಷ ಕಿರಿಯ. ಅವರನ್ನು ಬಲ್ಲೆನೋ ಇಲ್ಲವೋ ಹೆಸರು ತಿಳಿಯದೆ ಹೇಳಲಾರೆ. ಹೆಸರನ್ನು ಇಲ್ಲಿ ಹಾಕದೆ ಇದ್ದುದೇ ಒಳ್ಳೆಯದಾಯಿತು. ಅವರ ಕೆಲಸ ಎಂಥದ್ದಾಗಿತ್ತು ಎಂಬುದನ್ನು ಮಾತ್ರ ಹೇಳಬಲ್ಲೆ.

1964ರಲ್ಲಿ ಸೇರಿದರು ಎಂದಿರಿ. ಆ ಇಸವಿಗೆ ಒಂದು ಅರ್ಥವಿದೆ. ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದ ಶ್ಯಾನುಭೋಗಿಕೆ, ಪಟೇಲಿಕೆಗಳನ್ನು ರದ್ದುಪಡಿಸಿದ 1961ರ ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಅಲ್ಲಿಯವರೆಗೆ ಊರಿನ ಲೆಕ್ಕ ಶ್ಯಾನುಭೋಗರ ಮನೆಯ ಅಟ್ಟದ ಮೇಲಿತ್ತು. ಅದನ್ನು ಸಂಬಳದ ನೌಕರನೊಬ್ಬನ ಕೈಗೆ ಒಪ್ಪಿಸಬೇಕಾದಾಗ ಎಲ್ಲ ಊರುಗಳಲ್ಲೂ ನಗುನಗುತ್ತಾ ಒಪ್ಪಿಸಲಿಲ್ಲ. ಇಪ್ಪತ್ತೆರಡರ ಹುಡುಗ, ಅದೂ ಬೇರೆ ಸೀಮೆಯವನು, ಜಗಲಿಯಲ್ಲಿ ನಿಂತು ದಫ್ತರದ ಗಂಟನ್ನು ಕೊಡಿ ಎಂದು ಕೇಳುವುದು ಸುಲಭದ ಕೆಲಸವಾಗಿರಲಿಲ್ಲ. ನಿಮ್ಮ ತಂದೆಯವರು ಆ ಹೊಸ ನೌಕರರ ಮೊದಲ ಸಾಲಿನವರು. ಈಗ ಆ ಹುದ್ದೆಯ ಹೆಸರೇ ಗ್ರಾಮ ಆಡಳಿತ ಅಧಿಕಾರಿ ಎಂದು ಬದಲಾಗಿದೆ.

ಇನ್ನು ಕೊಪ್ಪದ ವಿಷಯಕ್ಕೆ ಬರುತ್ತೇನೆ. ಆಗ ಮಲೆನಾಡಿನಲ್ಲಿ ಗೇಣಿ ಸಾಗುವಳಿ, ಅಂದರೆ ಇನ್ನೊಬ್ಬರ ಜಮೀನನ್ನು ಗುತ್ತಿಗೆಗೆ ಪಡೆದು ಉಳುವುದು, ಹೆಚ್ಚಿತ್ತು. ಪಹಣಿಯ 9ನೇ ಕಲಂನಲ್ಲಿ ಭೂಮಾಲೀಕರ ಹೆಸರು, 12ನೇ ಕಲಂನಲ್ಲಿ ಆ ವರ್ಷ ಜಮೀನನ್ನು ಸಾಗುವಳಿ ಮಾಡಿದವರ ಹೆಸರು. ಈ 12ನೇ ಕಲಂ ಇದೆಯಲ್ಲ, ಅದೇ ನಮ್ಮ ವೃತ್ತಿಯ ಅಗ್ನಿಪರೀಕ್ಷೆ. ಬೆಳೆ ನಿಂತಿರುವಾಗ ಗದ್ದೆಗೇ ಹೋಗಿ, ಯಾರು ಉಳುತ್ತಿದ್ದಾರೆಂದು ಕಣ್ಣಾರೆ ಕಂಡು ಬರೆಯಬೇಕು. ಜಾರುವ ಅಂಚಿನ ಮೇಲೆ, ಜಿಗಣೆ ಕಚ್ಚಿಸಿಕೊಂಡು, ಸರ್ವೆ ನಂಬರಿನಿಂದ ಸರ್ವೆ ನಂಬರಿಗೆ ನಡೆಯುವ ಬದಲು ದೊಡ್ಡ ಮನೆಯೊಂದರ ಜಗಲಿಯಲ್ಲಿ ಕುಳಿತು, ಯಜಮಾನರು ಹೇಳಿದಂತೆ ‘ಸ್ವಂತ’ (ಮಾಲೀಕರೇ ಉಳುತ್ತಾರೆ) ಎಂದು ಬರೆದು ಎದ್ದುಬರುವುದು ಎಷ್ಟೋ ಸುಲಭ. ಹಾಗೆ ಬರೆದವರೂ ಇದ್ದರು. ನಮ್ಮವರೆಂದು ಅದನ್ನು ಮುಚ್ಚಿಡಲಾರೆ.

ಆಗ ಅದು ಸಣ್ಣ ವಿಷಯದಂತೆ ತೋರುತ್ತಿತ್ತು. ಗೇಣಿ ಜಮೀನಿನ ಹಕ್ಕನ್ನು ಉಳುವವನಿಗೇ ಕೊಡುವ, ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಅದರ ತೂಕ ಗೊತ್ತಾಯಿತು. ಗೇಣಿದಾರರು ಫಾರಂ ನಂ. 7ರಲ್ಲಿ ಅರ್ಜಿ ಹಾಕಬೇಕು, ಭೂ ನ್ಯಾಯಮಂಡಳಿ ವಿಚಾರಣೆ ನಡೆಸಬೇಕು, ಹಕ್ಕು ಸಿಕ್ಕಿದರೆ ಫಾರಂ ನಂ. 10ರ ಹಕ್ಕುಪತ್ರ. ಅರ್ಜಿ ಹಾಕುವ ಗಡುವು ಮುಂದಕ್ಕೆ ಹೋಗುತ್ತಾ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಮೊದಲು ಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿರಲಿಲ್ಲ. ಓದು ಬಾರದ ಗೇಣಿದಾರ ತಾನೇ ನಿಂತು ತನ್ನ ಸಾಗುವಳಿಯನ್ನು ತೋರಿಸಿಕೊಡಬೇಕಿತ್ತು. ಗೇಣಿ ಚೀಟಿ ಅವನ ಬಳಿ ಇರುತ್ತಿದ್ದದ್ದು ಅಪರೂಪ. ಅವನಿಗೆ ಆಧಾರವೆಂದು ಇದ್ದರೆ ಇರಬೇಕಾದದ್ದು ಪಹಣಿಯ 12ನೇ ಕಲಂನಲ್ಲಿ ಅವನ ಹೆಸರು. ಪಹಣಿಯ ನಮೂದು, ಅದು ತಪ್ಪೆಂದು ರುಜುವಾತಾಗುವವರೆಗೆ ಸತ್ಯವೆಂದೇ 1964ರ ಭೂಕಂದಾಯ ಕಾಯ್ದೆಯ 133ನೇ ಕಲಮು ಹೇಳುತ್ತದೆ. 1968ರಲ್ಲೋ 70ರಲ್ಲೋ ಮಳೆಯಲ್ಲಿ ನೆನೆಯುತ್ತಾ ಹೋಗಿ ಬರೆದ ಒಂದು ಹೆಸರು ಐದಾರು ವರ್ಷಗಳ ಮೇಲೆ ಒಂದು ಸಂಸಾರದ ಅನ್ನವಾಯಿತು.

ಆದ್ದರಿಂದ ನಿಮ್ಮ ತಂದೆಯವರು ಪ್ರಾಮಾಣಿಕರು ಎಂದು ಬರೆಯುವ ಬದಲು, ಅವರು ಗದ್ದೆಗೆ ಹೋಗಿ 12ನೇ ಕಲಂ ಬರೆಯುತ್ತಿದ್ದರೇ ಎಂಬುದನ್ನು ಹುಡುಕಿ. ಅದು ಪತ್ತೆಯಾಗುವ ವಿಷಯ. ಕೈಬರಹದ ಹಳೆಯ ಪಹಣಿಗಳು, ನ್ಯಾಯಮಂಡಳಿಯ ಕಡತಗಳು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿರುತ್ತವೆ. ಸರ್ವೆ ನಂಬರನ್ನೂ ವರ್ಷವನ್ನೂ ಬರೆದು ಅರ್ಜಿ ಕೊಟ್ಟರೆ ದೃಢೀಕೃತ ನಕಲು ಸಿಗುತ್ತದೆ. ಅವರ ಸೇವಾ ಪುಸ್ತಕದ ಪ್ರತಿಯನ್ನೂ ಕೇಳಿ ನೋಡಿ: ಯಾವ ವೃತ್ತದಲ್ಲಿ ಯಾವಾಗ ಇದ್ದರು, ಎಷ್ಟು ರಜೆ ತೆಗೆದುಕೊಂಡರು, ಏಕೆ ತೆಗೆದುಕೊಂಡರು ಎಂಬುದೆಲ್ಲ ಅದರಲ್ಲಿ ಒಂದೊಂದು ಸಾಲಿನಲ್ಲಿ ಬರೆದಿರುತ್ತದೆ. ಒಬ್ಬ ನೌಕರನ ಜೀವನಚರಿತ್ರೆಯನ್ನು ಸರ್ಕಾರವೇ ಇಷ್ಟು ಚುಟುಕಾಗಿ ಬರೆದಿಟ್ಟಿರುವುದು ಬೇರೆಲ್ಲೂ ಸಿಗದು.

2000ದಲ್ಲಿ ನಿವೃತ್ತರಾದರು ಎಂದರೆ ಭೂಮಿ ಯೋಜನೆಯ ಗಲಾಟೆಯನ್ನೂ ಅವರು ಕಂಡಿರಬೇಕು. ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ಕಾಲವದು. ಹುಡುಗರು ಟೈಪು ಮಾಡಿದ್ದನ್ನು ಮೂಲ ಪಹಣಿಯೊಂದಿಗೆ ಸಾಲು ಸಾಲಾಗಿ ತಾಳೆ ನೋಡುವ ಕೆಲಸ ನಮ್ಮದು. ಕಣ್ಣು ಉರಿ ಬರುತ್ತಿತ್ತು. ತಾವು ಮೂವತ್ತು ವರ್ಷ ಕೈಯಿಂದ ಬರೆದದ್ದು ಇನ್ನು ಮುಂದೆ ಯಾರ ಕೈಬರಹವೂ ಅಲ್ಲದೆ ಅಚ್ಚಾಗಿ ಬರುವುದನ್ನು ನೋಡಿ ಕೆಲವರಿಗೆ ಬೇಸರವಾಯಿತು. ನನಗೆ ಮಾತ್ರ, ಇನ್ನು ರಾತ್ರೋರಾತ್ರಿ ಯಾರೂ ಒಂದು ಹೆಸರನ್ನು ತುರುಕಲಾರರೆಂದು ನೆಮ್ಮದಿಯಾಯಿತು.

ಉತ್ತರ: ಕೊಪ್ಪದ ತೋಟದ ಮನೆಯವನು

ಮೇಲಿನ ಹಿರಿಯರು ಹೇಳಿದ ಕಥೆಯ ಆಚೆಬದಿಯಲ್ಲಿ ನಿಂತವರು ನಮ್ಮವರು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಜ್ಜನಿಗೆ ಅಡಿಕೆ ತೋಟದ ಜೊತೆ ಒಂದಿಷ್ಟು ಗದ್ದೆ ಇತ್ತು. ತೋಟವನ್ನು ತಾವೇ ನೋಡಿಕೊಂಡು ಗದ್ದೆಯನ್ನು ಗೇಣಿಗೆ ಕೊಟ್ಟಿದ್ದರು. ನ್ಯಾಯಮಂಡಳಿಯಲ್ಲಿ ಗದ್ದೆ ಹೋಯಿತು. ನಾವೇನೂ ನೂರಾರು ಎಕರೆಯ ಜಮೀನ್ದಾರರಲ್ಲ. ಗೇಣಿ ಭತ್ತ ಬರುವುದು ನಿಂತ ವರ್ಷ ಅಂಗಡಿಯಿಂದ ಅಕ್ಕಿ ತರುವಾಗ ಅಜ್ಜಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳೆಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಅಜ್ಜನ ಸಿಟ್ಟೆಲ್ಲ ಕಾಯ್ದೆಯ ಮೇಲೆ ಇರಲಿಲ್ಲ, ಗ್ರಾಮಲೆಕ್ಕಿಗರ ಮೇಲೆ ಇತ್ತು. ‘ಕಾಯ್ದೆ ಮಾಡಿದವರು ಬೆಂಗಳೂರಿನಲ್ಲಿದ್ದಾರೆ, ಬರೆದವನು ನಮ್ಮ ಜಗಲಿಯಲ್ಲಿ ಬೆಲ್ಲ ನೀರು ಕುಡಿದು ಹೋಗಿದ್ದಾನೆ’ ಎನ್ನುತ್ತಿದ್ದರು. ನಮ್ಮ ಕಡೆ ಬಿಸಿಲಲ್ಲೋ ಮಳೆಯಲ್ಲೋ ಬಂದವರಿಗೆ ಮೊದಲು ಬೆಲ್ಲದ ತುಂಡು ಮತ್ತು ನೀರು ಕೊಡುವುದು ಪದ್ಧತಿ. ಆ ಮನುಷ್ಯ ಬೆಲ್ಲ ನೀರನ್ನು ಮಾತ್ರ ತೆಗೆದುಕೊಂಡು, ಊಟಕ್ಕೆ ಎಷ್ಟು ಕರೆದರೂ ಏಳುತ್ತಿರಲಿಲ್ಲವಂತೆ. ಅದನ್ನೂ ಅಜ್ಜ ದೂರಿನಂತೆಯೇ ಹೇಳುತ್ತಿದ್ದರು: ಉಂಡಿದ್ದರೆ ಹಾಗೆ ಬರೆಯಲು ಕೈ ಬರುತ್ತಿರಲಿಲ್ಲ ಎಂದು.

ಎಂಬತ್ತರ ದಶಕದಲ್ಲಿ ಅಜ್ಜ ತೀರಿಕೊಂಡರು. ಉಳಿದ ತೋಟದ ಪೌತಿ ಖಾತೆಗೆ ಅಪ್ಪ ಅರ್ಜಿ ಕೊಟ್ಟಾಗ ಸ್ಥಳಕ್ಕೆ ಬಂದ ಕಂದಾಯ ನಿರೀಕ್ಷಕರು ಆ ಹಳೆಯ ಗ್ರಾಮಲೆಕ್ಕಿಗರೇ ಆಗಿದ್ದರು. ಅಪ್ಪನಿಗೆ ಅಳುಕು. ಅವರು ಮಹಜರು ಬರೆದು, ಪಂಚರ ಸಹಿ ಹಾಕಿಸಿ, ಮನೆಯ ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲಿ ಬಿಟ್ಟುಹೋಗಿದೆ ಎಂದು ತೋರಿಸಿ, ಸೇರಿಸಿ ಮತ್ತೆ ಕೊಡಿ ಎಂದು ಹೇಳಿದರು. ನನ್ನ ಅತ್ತೆಯಂದಿರಿಬ್ಬರ ಹೆಸರು ಹಾಗೆ ಸೇರಿತು. ನಾನಾಗ ಏಳೆಂಟು ವರ್ಷದವನು. ನನಗೆ ನೆನಪಿರುವುದು ಅವರ ಮಾತಿನ ಬಯಲುಸೀಮೆ ಧಾಟಿ ಮತ್ತು ಹೊಲಿಗೆ ಹಾಕಿಸಿದ ಕರಿಯ ಕೊಡೆ, ಎರಡೇ.

ಅವರು ನಿಮ್ಮ ತಂದೆಯವರೇ ಎಂದು ನಾನು ಹೇಳುತ್ತಿಲ್ಲ. ಕಡೂರು, ತರೀಕೆರೆಗಳಿಂದ ಬಂದು ಇಲ್ಲಿ ಕೆಲಸ ಮಾಡಿದವರು ಅವರೊಬ್ಬರೇ ಅಲ್ಲ, ಕರಿಯ ಕೊಡೆಯಂತೂ ಎಲ್ಲರ ಬಳಿಯೂ ಇತ್ತು. ನನ್ನ ಕೋರಿಕೆ ಇಷ್ಟೇ: ಪುಸ್ತಿಕೆಯಲ್ಲಿ ಅವರನ್ನು ಬಡವರಿಗೆ ಭೂಮಿ ಕೊಡಿಸಿದ ಮಹನೀಯರೆಂದು ಬರೆಯಬೇಡಿ. ಅವರು ಕೊಡಿಸಲಿಲ್ಲ, ಇದ್ದದ್ದನ್ನು ಬರೆದರು. ನನ್ನಂಥ ಮನೆಯವನ ಕೈಗೂ ಆ ಪುಸ್ತಿಕೆ ಬರಬಹುದು. ಬಂದರೆ ಓದಿ, ಹೌದು ಎನ್ನುವಂತಿರಬೇಕು. ಹಾಗೆಯೇ ರೈತರ ಹೆಸರು, ಸರ್ವೆ ನಂಬರುಗಳನ್ನು ಅಚ್ಚು ಹಾಕಬೇಡಿ. ಐವತ್ತು ವರ್ಷ ಕಳೆದರೂ ಆ ಗದ್ದೆಯ ಅಂಚಿನಲ್ಲಿ ಎರಡೂ ಮನೆಯವರು ದಿನವೂ ಎದುರಾಗುತ್ತೇವೆ.

ಉತ್ತರ: ಮೂಡಿಗೆರೆಯ ಓದುಗಿ

ಅಕ್ಕಾ, ನಿಮ್ಮ ಪ್ರಶ್ನೆಯಲ್ಲಿ ಅಮ್ಮನವರು ಎರಡು ಮೂರು ಕಡೆ ಬಂದು ಹೋಗುತ್ತಾರೆ, ಆದರೆ ಎಲ್ಲಿಯೂ ಒಂದು ಮಾತನ್ನೂ ಆಡುವುದಿಲ್ಲ. ಅವರಿದ್ದಾರೆ ಎಂದು ತಿಳಿದುಕೊಂಡಿದ್ದೇನೆ. ವಾರಕ್ಕೆ ಒಂದೂವರೆ ದಿನ ಬರುವ ಯಜಮಾನರನ್ನು ಊರೆಲ್ಲ ಆದರ್ಶ ಗೃಹಸ್ಥರೆಂದು ಕರೆಯುತ್ತದೆ ಎಂದರೆ, ಉಳಿದ ಐದೂವರೆ ದಿನ ಆ ಗೃಹವನ್ನು ಹಿಡಿದು ನಿಲ್ಲಿಸಿದವರು ಒಬ್ಬರಿರಬೇಕಲ್ಲವೇ? ನನ್ನ ತಂದೆ ಅರಣ್ಯ ಇಲಾಖೆಯಲ್ಲಿದ್ದವರು. ಅವರ ನಿವೃತ್ತಿಯ ಸಮಾರಂಭದಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಅವರಿಗೆ ಬಂದವು. ವೇದಿಕೆಯ ಮೇಲೆ ನನ್ನ ತಾಯಿಗೆ ಕುರ್ಚಿ ಹಾಕಿದ್ದರು, ಮಾತಾಡಲು ಯಾರೂ ಹೇಳಲಿಲ್ಲ. ತಾಯಿ ಹೋದ ಮೇಲೆ ಕೇಳಬೇಕೆನಿಸಿದ ಪ್ರಶ್ನೆಗಳು ಈಗ ನನ್ನ ಬಳಿ ರಾಶಿ ಬಿದ್ದಿವೆ.

ದೂರವಿದ್ದವರು ಪ್ರೀತಿಸಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ಕಾಲದ ಗಂಡಸರ ಪ್ರೀತಿ ಚೀಲದಲ್ಲಿ ಬರುತ್ತಿತ್ತು. ನನ್ನಪ್ಪ ಮಳೆಗಾಲದಲ್ಲಿ ಕಳಲೆ, ಬೇಸಿಗೆಯಲ್ಲಿ ಅಪ್ಪೆಮಿಡಿ ಹೊತ್ತು ತರುತ್ತಿದ್ದರು. ಬಾಯಲ್ಲಿ ಮಾತ್ರ ‘ಓದಿಕೊಂಡೆಯಾ’ ಎಂಬ ಒಂದೇ ಪ್ರಶ್ನೆ. ನಿಮ್ಮ ಅಣ್ಣನವರ ಚೀಲದಲ್ಲಿ ಏನಿರುತ್ತಿತ್ತು ಎಂದು ಬರೆಯಿರಿ. ಗೈರುಹಾಜರಿಯನ್ನೂ ಬರೆಯಿರಿ. ಮೊದಲು ಅಮ್ಮನವರನ್ನು ಕೂರಿಸಿಕೊಂಡು ಕೇಳಿ, ಬೇಕಾದರೆ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ.

ಉತ್ತರ: ಅಚ್ಚುಕೂಟದವನು, ಹಾಸನ

ಇಂಥ ಪುಸ್ತಿಕೆಗಳನ್ನು ವರ್ಷಕ್ಕೆ ಹತ್ತಾರು ಅಚ್ಚು ಹಾಕುವವನಾಗಿ ಎರಡು ಮಾತು. ಮೊದಲ ಹತ್ತು ಪುಟಗಳಲ್ಲಿ ಗಣ್ಯರ ಸಂದೇಶಗಳನ್ನು ತುಂಬಿಸಬೇಡಿ. ಅವುಗಳನ್ನು ಬರೆದುಕೊಟ್ಟವರೂ ಓದುವುದಿಲ್ಲ. ಪಟಗಳ ಕೆಳಗೆ ಎಡದಿಂದ ಬಲಕ್ಕೆ ಯಾರು ಯಾರೆಂದು ಈಗಲೇ, ಗುರುತಿಸುವವರು ಇರುವಾಗಲೇ ಬರೆಸಿಕೊಳ್ಳಿ. ಅವರ ಕೈಬರಹದ ಪುಟವೊಂದನ್ನು ಸ್ಕ್ಯಾನು ಮಾಡಿಸಿ ಒಳಗಡೆ ಹಾಕಿ, ಮಬ್ಬಾಗಿದ್ದರೂ ಚಿಂತೆಯಿಲ್ಲ. ಕರಡಚ್ಚು ತಿದ್ದಲು ನೀವೇ ಇದ್ದೀರಿ, ಕನ್ನಡ ಮೇಷ್ಟರಿಗೆ ನಾನೇನು ಹೇಳಲಿ. ಕಾರ್ಯಕ್ಕೆ ಹದಿನೈದು ದಿನ ಮೊದಲು ಹಸ್ತಪ್ರತಿ ನಮ್ಮ ಕೈಸೇರಿದರೆ ಸಾಕು, ಆದರೆ ಎಲ್ಲರೂ ಮೂರು ದಿನ ಮೊದಲು ತರುತ್ತಾರೆ.

ಉತ್ತರ: ಚಿಕ್ಕಮಗಳೂರಿನ ಹಿರಿಮಗಳು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಉತ್ತರಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಈ ಎರಡು ವಾರ ಟ್ರಂಕಿನ ಮುಂದೆ, ಅಮ್ಮನ ಮುಂದೆ ಕಳೆದೆ.

ಕೊಪ್ಪದ ಸೋದರರೇ, ನಿಮ್ಮ ಮನೆಗೆ ಬಂದವರು ಅಣ್ಣನೇ ಇರಬಹುದೆಂದು ಒಂದು ಕ್ಷಣ ಆಸೆಯಾಯಿತು. ಆದರೆ ಅವರ ಕೊಡೆಗೆ ಹೊಲಿಗೆ ಇದ್ದ ನೆನಪು ನಮ್ಮಲ್ಲಿ ಯಾರಿಗೂ ಇಲ್ಲ. ನಿಮ್ಮ ಮಾತನ್ನು ಒಪ್ಪಿಕೊಂಡಿದ್ದೇನೆ. ‘ಭೂಹೀನರ ಪಾಲಿನ ಆಶಾಕಿರಣ’ ಎಂದು ನಾನು ನಿಜವಾಗಿಯೂ ಬರೆದಿದ್ದ ಒಂದು ಸಾಲನ್ನು ಹೊಡೆದುಹಾಕಿದೆ. ತರೀಕೆರೆಯ ಹಿರಿಯರು ಹೇಳಿದಂತೆ ಸೇವಾ ಪುಸ್ತಕದ ಪ್ರತಿಗೆ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಬಂದಿಲ್ಲ. ಹಳೆಯ ಪಹಣಿಯ ಒಂದು ಪುಟದ ನಕಲು ಮಾತ್ರ ಪರಿಚಿತರೊಬ್ಬರ ಮನೆಯಲ್ಲಿ ಸಿಕ್ಕಿತು. 12ನೇ ಕಲಂನ ಅಕ್ಷರ ಅಣ್ಣನದೇ. ನಮ್ಮ ಪೌತಿ ಖಾತೆಯ ಅರ್ಜಿಯಲ್ಲಿದ್ದ ಅದೇ ಗುಂಡು ‘ರ’, ಅದೇ ಬಾಲ ಚಾಚಿದ ‘ಳ’. ಹೆಸರು, ನಂಬರುಗಳು ಕಾಣದಂತೆ ಮುಚ್ಚಿ ಒಂದು ಮೂಲೆಯನ್ನಷ್ಟೇ ಪುಸ್ತಿಕೆಯಲ್ಲಿ ಹಾಕುತ್ತೇವೆ.

ಮೂಡಿಗೆರೆಯ ತಂಗಿ ಕೇಳಿದ ಚೀಲದ ಪ್ರಶ್ನೆಗೆ ಉತ್ತರ ಮನೆಯ ಕಿರ್ದಿ ಪುಸ್ತಕದಲ್ಲಿ ಸಿಕ್ಕಿತು. ಅಣ್ಣ ಪ್ರತಿ ವಾರ ಬಂದ ರಾತ್ರಿ ಊಟವಾದ ಮೇಲೆ, ಅಮ್ಮನನ್ನು ಕೇಳಿ ಕೇಳಿ ವಾರದ ಖರ್ಚನ್ನು ತಾವೇ ಬರೆಯುತ್ತಿದ್ದರು. ಹಾಲು, ಸೀಮೆಎಣ್ಣೆ, ಶಾಲೆಯ ಫೀಸು, ‘ದೊಡ್ಡವಳಿಗೆ ಚಪ್ಪಲಿ’, ಬಸ್ ಚಾರ್ಜು. ಚೀಲದಲ್ಲಿ ತಂದ ಜೇನು, ಬಾಳೆಗೊನೆಗಳಿಗೂ ಕೊಟ್ಟ ದುಡ್ಡು ನಮೂದಾಗಿದೆ. ಯಾರ ಮನೆಯಿಂದಲಾದರೂ ಸುಮ್ಮನೆ ಬಂದದ್ದು ಒಂದು ಸಲವೂ ಇಲ್ಲವೆಂದು ಹೇಳಲಾರೆ, ಆದರೆ ಪುಸ್ತಕದಲ್ಲಿ ಬೆಲೆಯಿಲ್ಲದ ವಸ್ತು ನನಗೆ ಸಿಗಲಿಲ್ಲ. ಕಚೇರಿಯಲ್ಲಿ ಪಹಣಿ ಬರೆದ ಕೈಯೇ ಮನೆಯಲ್ಲಿ ಚಪ್ಪಲಿಯನ್ನೂ ಬರೆದಿದೆ ಎಂಬುದನ್ನು ನೋಡಿದಾಗ, ಎರಡನ್ನೂ ಹೇಗೆ ಕೂಡಿಸಲಿ ಎಂಬ ನನ್ನ ಪ್ರಶ್ನೆ ತಾನಾಗಿ ಸಡಿಲವಾಯಿತು.

ಅಷ್ಟೂ ವರ್ಷಗಳ ಆ ಪುಸ್ತಕಗಳಲ್ಲಿ ಒಂದೇ ಒಂದು ವಾರ ಅಮ್ಮನ ಅಕ್ಷರದಲ್ಲಿದೆ. ಅದು 1978ರ ನವೆಂಬರ್. ಇಂದಿರಾ ಗಾಂಧಿಯವರೂ ವೀರೇಂದ್ರ ಪಾಟೀಲರೂ ಎದುರುಬದುರಾಗಿ ನಿಂತ ನಮ್ಮ ಲೋಕಸಭಾ ಉಪಚುನಾವಣೆಯ ಕಾಲ. ದೇಶದ ಪತ್ರಿಕೆಗಳವರೆಲ್ಲ ಚಿಕ್ಕಮಗಳೂರಿನಲ್ಲಿದ್ದರು, ಕಾಫಿ ಕೊಯ್ಲಿಗೆ ಹೋಗುವ ಆಳುಗಳ ಬಾಯಲ್ಲೂ ಅದೇ ಮಾತು. ಅಣ್ಣ ಮಲೆನಾಡಿನ ಒಂದು ಮತಗಟ್ಟೆಯ ಕರ್ತವ್ಯದಲ್ಲಿದ್ದರು, ಆ ಶನಿವಾರ ಬರಲಿಲ್ಲ. ತಮ್ಮನಿಗೆ ಜ್ವರ ಏರಿ ನೆತ್ತಿಗೆ ಹತ್ತಿತ್ತು. ಅಮ್ಮ ನನ್ನನ್ನೂ ತಂಗಿಯನ್ನೂ ಪಕ್ಕದ ಮನೆಯಲ್ಲಿ ಬಿಟ್ಟು, ಜೀಪುಗಳ ಮೆರವಣಿಗೆಯ ನಡುವೆ ಅವನನ್ನು ಎತ್ತಿಕೊಂಡು ವೈದ್ಯರ ಬಳಿಗೆ ನಡೆದಳಂತೆ. ಕಿರ್ದಿಯಲ್ಲಿ ಆ ವಾರ ಪೆನ್ಸಿಲಿನಲ್ಲಿ ‘ಔಷದಿ’ ಎಂದು ಒಂದು ಸಾಲು, ಮುಂದೆ ಮೊತ್ತ. ಮುಂದಿನ ವಾರ ಬಂದ ಅಣ್ಣ ಆ ಸಾಲನ್ನು ತಮ್ಮ ಅಕ್ಷರದಲ್ಲಿ ತಿದ್ದಿ ಬರೆಯದೆ, ಕಾಗುಣಿತದ ತಪ್ಪನ್ನೂ ಹಾಗೆಯೇ ಬಿಟ್ಟು, ಕೆಳಗೆ ಮೊತ್ತವನ್ನು ಮಾತ್ರ ಕೂಡಿದ್ದಾರೆ. ‘ಬಂದವರು ಏನೆಂದರು’ ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏನೂ ಅನ್ನಲಿಲ್ಲ, ಅವನ ಹಾಸಿಗೆ ಪಕ್ಕದಲ್ಲಿ ಬೆಳಗಿನವರೆಗೂ ಕೂತಿದ್ದರು. ಸೋಮವಾರ ಮೊದಲ ಬಸ್ಸಿಗೆ ಹೋಗಲಿಲ್ಲ, ಎರಡನೆಯದಕ್ಕೆ ಹೋದರು’ ಎಂದಳು.

ಆ ಪುಟವನ್ನು ಪುಸ್ತಿಕೆಯ ನಡುವೆ ಹಾಕುತ್ತೇವೆ. ಮೊದಲ ಅಧ್ಯಾಯ ಅಮ್ಮನ ಮಾತಿನಲ್ಲಿಯೇ ಇರುತ್ತದೆ, ನಾನು ಅಲ್ಲಿ ಬರೆದುಕೊಂಡವಳು ಮಾತ್ರ. ನಿನ್ನೆ ಸಂಜೆ ಇಡೀ ಕರಡನ್ನು ಅವಳಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದ ಮೇಲೆ ಒಂದೇ ತಿದ್ದುಪಡಿ ಹೇಳಿದಳು: ಶನಿವಾರದ ಬಸ್ಸು ಏಳು ಗಂಟೆಗೆ ಬರುತ್ತಿತ್ತು ಎಂದು ಬರೆದಿದ್ದೀಯೆ, ಅದು ಏಳೂವರೆಗೆ ಬರುತ್ತಿದ್ದದ್ದು, ಮಳೆಗಾಲದಲ್ಲಿ ಎಂಟಾಗುತ್ತಿತ್ತು ಎಂದು. ಅದನ್ನು ತಿದ್ದಿದ್ದೇನೆ.